ಅಟ್ಟ ತುಂಬಿದ ಮೇಲೆ ಉಳಿಯುವುದೇನು?

ಕೊಬ್ಬರಿ ಸೀಮೆಯಲ್ಲಿ ಹುಟ್ಟಿದವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತಿರುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ನೀರೆಲ್ಲ ಇಂಗಿ ಚಿಪ್ಪಿನಿಂದ ಬಿಟ್ಟುಕೊಂಡ ಉಂಡೆ ಒಳಗೆ ಉರುಳುವುದು ಕೇಳುತ್ತದೆ. ಸದ್ದು ಬಂದರೆ ಕಾಯಿ ಕೊಬ್ಬರಿಯಾಗಿದೆ ಎಂದು ಅರ್ಥ. ಸುಲಿದು, ಚಿಪ್ಪು ಒಡೆದು, ಚೀಲ ತುಂಬಿ ಮಾರುಕಟ್ಟೆಗೆ ಒಯ್ಯಬಹುದು. ಸದ್ದು ಬಾರದಿದ್ದರೆ ಇನ್ನೂ ಕಾಯಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಾವಿರಾರು ಮನೆಗಳಲ್ಲಿ ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಕೊಳವೆಬಾವಿಯ ಸಾಲ ಎಲ್ಲವೂ ಈ ಸದ್ದಿಗಾಗಿ ಕಾಯುತ್ತವೆ. ನಮ್ಮ ಕಡೆಯ ಮನೆಗಳಿಗೆ ಅಟ್ಟವೇ ಬ್ಯಾಂಕು.

ಆ ಬ್ಯಾಂಕಿನ ಮೌಲ್ಯ ಕಳೆದ ಕೆಲವು ವರ್ಷಗಳಲ್ಲಿ ಏರಿಳಿದ ರೀತಿಯನ್ನು ನೋಡಿದವರಿಗೆ ಬೆರಗಾಗದೆ ಇರದು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಯ ಧಾರಣೆ ಎಂಟು ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. ಕೇಂದ್ರ ಸರ್ಕಾರ ಆ ವರ್ಷಕ್ಕೆ ಘೋಷಿಸಿದ್ದ ಬೆಂಬಲ ಬೆಲೆ 11,750 ರೂಪಾಯಿ. ರೈತರು ಬೀದಿಗಿಳಿದರು, ಧರಣಿ ಕುಳಿತರು. 2024ರಲ್ಲಿ ಬೆಂಬಲ ಬೆಲೆ 12 ಸಾವಿರಕ್ಕೆ ಏರಿತು; ನಾಫೆಡ್ ಖರೀದಿಯ ನೋಂದಣಿಗಾಗಿ ಜನ ಸರದಿಯಲ್ಲಿ ಕಾದರು. ಮರುವರ್ಷ, ಅಂದರೆ 2025ರ ಮಧ್ಯಭಾಗಕ್ಕೆ, ಅದೇ ಮಾರುಕಟ್ಟೆಯಲ್ಲಿ ಧಾರಣೆ 25 ಸಾವಿರ ದಾಟಿತು. ಆಗ ಬೆಂಬಲ ಬೆಲೆ 12,100 ರೂಪಾಯಿ. ಅದನ್ನು ಕೇಳುವವರೇ ಇರಲಿಲ್ಲ. ಮರ ಅದೇ, ಅಟ್ಟ ಅದೇ, ಕಾಯುವ ತಿಂಗಳುಗಳ ಲೆಕ್ಕವೂ ಅದೇ. ಇಳುವರಿ ಕುಗ್ಗಿ, ಬೇಡಿಕೆ ಹಿಗ್ಗಿ, ಎರಡು ವರ್ಷಗಳಲ್ಲಿ ಬೆಲೆ ಮೂರು ಪಟ್ಟಾಗಿತ್ತು.

ಬೆಲೆ ಏರಿದ್ದಕ್ಕೆ ಸಂತೋಷಪಡದ ಬೆಳೆಗಾರನಿಲ್ಲ. ನಾನೂ ಪಟ್ಟೆ. ಆದರೆ ಆ ಏರಿಕೆ ನಮ್ಮ ಮನೆಯೊಳಗೆ ಬಂದು ಏನು ಮಾಡಿತು ಎಂಬುದನ್ನು ಹೇಳುವುದಕ್ಕಾಗಿ ಈ ಬರಹ. ಇದರಲ್ಲಿ ಅನ್ಯರನ್ನು ದೂರುವ ಉದ್ದೇಶವಿಲ್ಲ. ದೂರಬೇಕಾದವನು ನಾನೇ.

ನನ್ನ ತಂದೆ ತುರುವೇಕೆರೆ ತಾಲ್ಲೂಕಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಎರಡು ಎಕರೆ ತೆಂಗಿನ ತೋಟ; ಮೂವತ್ತು ಅಡಿಗೊಂದರಂತೆ ನೆಟ್ಟ ಸುಮಾರು ತೊಂಬತ್ತು ಮರಗಳು. ನಮ್ಮದು ಆ ಭಾಗದ ವಿರಳವಾದ ಕ್ರೈಸ್ತ ಕುಟುಂಬಗಳಲ್ಲಿ ಒಂದು. ಭಾನುವಾರದ ಆರಾಧನೆಗೆ ಬಸ್ಸು ಹಿಡಿದು ಹೋಗಬೇಕಿತ್ತು. ಉಳಿದ ಆರು ದಿನ ನಾವು ಊರಿನ ಎಲ್ಲರಂತೆ ಕಾಯಿ, ಮಟ್ಟೆ, ಗರಿ, ಕೊಬ್ಬರಿಗಳ ಮಾತಿನಲ್ಲೇ ಬದುಕಿದವರು. ಅಮ್ಮ ಬಹಳ ಹಿಂದೆಯೇ ತೀರಿಕೊಂಡರು. ಅಪ್ಪ 2024ರ ಕೊನೆಯಲ್ಲಿ ಹೋದರು. ಅವರು ನಿಂತು ಏರಿಸಿದ ಕೊನೆಯ ರಾಶಿ ಅಟ್ಟದ ಮೇಲಿತ್ತು. ಅದು ಕೊಬ್ಬರಿಯಾಗುವ ಹೊತ್ತಿಗೆ ಬೆಲೆ 25 ಸಾವಿರವಾಗಿತ್ತು, ಏರಿಸಿದವರು ಇರಲಿಲ್ಲ.

ತೋಟದಲ್ಲಿ ನಾಲ್ಕು ದಶಕ ಮರ ಹತ್ತಿದ ಒಬ್ಬರಿದ್ದಾರೆ. ನಾವು ಮಕ್ಕಳು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಹನ್ನೆರಡು ವರ್ಷಗಳ ಹಿಂದೆ, ಮಳೆ ನಿಂತ ಮರುದಿನ, ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಮರ ಹತ್ತಲಿಲ್ಲ. ಅಪ್ಪ ಅಂದು ಅವರ ಮನೆಗೆ ಹೋಗಿ ಒಂದು ಮಾತು ಕೊಟ್ಟು ಬಂದರು: ಬಾವಿಯ ಬದಿಯ ಹತ್ತು ಮರದ ಫಸಲು ಇನ್ನು ಮುಂದೆ ನಿಮ್ಮದು. ಸಾಕ್ಷಿಗೆ ಯಾರೂ ಇರಲಿಲ್ಲ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಪ್ರತಿ ವರ್ಷ ಒಂದು ಸಾಲು ಮಾತ್ರ ಇರುತ್ತಿತ್ತು: 'ಬಾವಿ ಬದಿ ಹತ್ತು, ಅವರಿಗೆ ಸಂದಿದೆ.'

ಹತ್ತು ಮರ ಎಂದರೆ ಎಷ್ಟು? ಮರಕ್ಕೆ ಎಪ್ಪತ್ತು ಎಂಬತ್ತು ಕಾಯಿ ಹಿಡಿದರೂ ಏಳೆಂಟು ನೂರು ಕಾಯಿ. ಗಾತ್ರ ಚೆನ್ನಾಗಿದ್ದರೆ ಹೆಚ್ಚು ಕಡಿಮೆ ಒಂದು ಕ್ವಿಂಟಲ್ ಕೊಬ್ಬರಿ. ಧಾರಣೆ ಎಂಟು ಸಾವಿರವಿದ್ದಾಗ ಅದು ಎಂಟು ಸಾವಿರದ ಮಾತು. ಆಗ ನಮ್ಮಲ್ಲಿ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ. 'ಅಪ್ಪನ ದೊಡ್ಡ ಮನಸ್ಸು' ಎಂದು ಹೊಗಳಿದ್ದೂ ಉಂಟು. ಬೆಲೆ 25 ಸಾವಿರವಾದಾಗ ಪಾಲಿನ ಮಾತಿಗೆ ಕುಳಿತ ನಾವು ಮೂವರು, ಅಣ್ಣ, ನಾನು, ತಂಗಿ, ಅದೇ ಹತ್ತು ಮರಗಳನ್ನು ಹೊಸ ಕಣ್ಣಿನಿಂದ ನೋಡತೊಡಗಿದೆವು. 'ಕಾಗದದಲ್ಲಿ ಎಲ್ಲಿದೆ?' ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆ ಎತ್ತಿದವನು ನಾನು.

ಎಂಟು ಸಾವಿರದಷ್ಟಿದ್ದ ಔದಾರ್ಯ ಇಪ್ಪತ್ತೈದು ಸಾವಿರಕ್ಕೆ ಹಿಗ್ಗಲಿಲ್ಲ. ಬೆಲೆ ಏರಿದಷ್ಟೂ ಮನಸ್ಸು ಕುಗ್ಗಿತು. ಇದು ನನ್ನೊಬ್ಬನ ಕಥೆಯಾಗಿದ್ದರೆ ಪತ್ರಿಕೆಯಲ್ಲಿ ಬರೆಯಬೇಕಾಗಿರಲಿಲ್ಲ. ಆ ವರ್ಷ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಹಳೆಯ ಪಾಲುಗಳು ಮತ್ತೆ ಚರ್ಚೆಗೆ ಬಂದವು, ಬದುವಿನ ಮೇಲಿನ ಮರ ಯಾರದೆಂಬ ವಾದ ಎದ್ದಿತು. ಕೊರತೆಯಲ್ಲಿ ಕೂಡಿ ಬಾಳಿದವರು ಸಮೃದ್ಧಿಯಲ್ಲಿ ಮಾತು ಬಿಟ್ಟರು.

*

ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಸಾಮ್ಯವಿದೆ. ಭಾನುವಾರದ ಪ್ರಸಂಗಗಳಲ್ಲಿ ಅದನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಒಬ್ಬ ಐಶ್ವರ್ಯವಂತನ ಭೂಮಿ ಚೆನ್ನಾಗಿ ಬೆಳೆಯಿತು. ಇದ್ದ ಕಣಜಗಳು ಸಾಲದೆ ಅವನ್ನು ಕೆಡವಿ ದೊಡ್ಡವನ್ನು ಕಟ್ಟಿಸಬೇಕೆಂದುಕೊಂಡ. ಇನ್ನು ಬಹಳ ವರ್ಷ ಉಂಡು, ಕುಡಿದು, ಸುಖವಾಗಿರಬಹುದೆಂದು ತನ್ನ ಪ್ರಾಣಕ್ಕೆ ತಾನೇ ಹೇಳಿಕೊಂಡ. ಆ ರಾತ್ರಿಯೇ ಅವನ ಪ್ರಾಣವನ್ನು ಕೇಳಲಾಯಿತು. ಕೂಡಿಸಿದ್ದೆಲ್ಲ ಯಾರ ಪಾಲಾಗುವುದು ಎಂಬ ಪ್ರಶ್ನೆಯೊಂದಿಗೆ ಕಥೆ ನಿಲ್ಲುತ್ತದೆ.

ಪಾಲಿನ ಮಾತು ನಡೆಯುತ್ತಿದ್ದ ಆ ದಿನಗಳಲ್ಲಿ ಅದೇ ಅಧ್ಯಾಯವನ್ನು ತೆರೆದಾಗ ಎರಡು ಸಂಗತಿಗಳು ಮೊದಲ ಬಾರಿಗೆ ಕಣ್ಣಿಗೆ ಬಿದ್ದವು. ಮೊದಲನೆಯದು, ಆ ಸಾಮ್ಯ ಹುಟ್ಟಿದ ಸಂದರ್ಭ. ಗುಂಪಿನಲ್ಲಿದ್ದ ಒಬ್ಬ ಮನುಷ್ಯ ಯೇಸುವಿನ ಬಳಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ತನಗೆ ಪಾಲು ಕೊಡುವಂತೆ ಅಣ್ಣನಿಗೆ ಹೇಳಬೇಕೆಂದು ಕೇಳುತ್ತಾನೆ. ಯೇಸು ಪಂಚಾಯಿತಿ ಮಾಡಲು ಒಪ್ಪುವುದಿಲ್ಲ. ಪಾಲು ಮಾಡಿಕೊಡುವವನನ್ನಾಗಿ ತನ್ನನ್ನು ಯಾರು ನೇಮಿಸಿದರು ಎಂದು ಕೇಳಿ, ಈ ಕಥೆ ಹೇಳುತ್ತಾನೆ. ಅಂದರೆ ಇದು ಶ್ರೀಮಂತರಿಗೆ ಹೇಳಿದ ಕಥೆಯಲ್ಲ. ಪಾಲಿಗಾಗಿ ಬಂದ ತಮ್ಮನಿಗೆ, ಬಹುಶಃ ನ್ಯಾಯವಾಗಿಯೇ ಪಾಲು ಕೇಳುತ್ತಿದ್ದವನಿಗೆ, ಹೇಳಿದ ಕಥೆ. ಅಂಥ ತಮ್ಮ ನಾನೇ ಆಗಿದ್ದೆ.

ಎರಡನೆಯದು, ಆ ಐಶ್ವರ್ಯವಂತನ ಮೇಲೆ ಯಾವ ಆರೋಪವೂ ಇಲ್ಲ. ಅವನು ಕದ್ದಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ, ಬೇರೆಯವರ ಹೊಲ ಒತ್ತಿಲ್ಲ. ಭೂಮಿ ಬೆಳೆಯಿತು, ಅಷ್ಟೆ. ಬೆಳೆದದ್ದನ್ನು ಕಾಪಿಡುವುದು ರೈತನ ವಿವೇಕವೇ ಅಲ್ಲವೆ? ಆದರೆ ಅವನ ಸ್ವಗತದಲ್ಲಿ ನಾನು, ನನ್ನ ಎಂಬ ಮಾತುಗಳು ಬಿಟ್ಟರೆ ಮತ್ತೊಬ್ಬ ಮನುಷ್ಯನ ಸುಳಿವಿಲ್ಲ. ಹೆಂಡತಿ ಇಲ್ಲ, ನೆರೆಯವನಿಲ್ಲ, ಆ ಬೆಳೆಯನ್ನು ಕೊಯ್ದು ಕಣಜಕ್ಕೆ ಹೊತ್ತು ತಂದ ಆಳು ಇಲ್ಲ. ತನ್ನ ಪ್ರಾಣದೊಂದಿಗೆ ಮಾತ್ರ ಮಾತನಾಡುವಷ್ಟು ಆತ ಒಬ್ಬಂಟಿಯಾಗಿದ್ದ. ಕಣಜ ದೊಡ್ಡದಾದದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಅದರೊಳಗೆ ಇನ್ನೊಬ್ಬರ ಹೆಸರಿನ ಒಂದು ಮೂಲೆಯೂ ಇಲ್ಲದಿದ್ದದ್ದು ತಪ್ಪು.

ನಮ್ಮ ಅಟ್ಟದಲ್ಲಿ ಅಂಥದೊಂದು ಮೂಲೆ ಇತ್ತು. ಅಪ್ಪ ಆ ಹತ್ತು ಮರದ ಕಾಯಿಯನ್ನು ಬೇರೆಯಾಗಿಯೇ ರಾಶಿ ಹಾಕಿಸುತ್ತಿದ್ದರು. ನಾನು ಆ ಮೂಲೆಯನ್ನು ರಾಶಿಗೆ ಸೇರಿಸಲು ಹೊರಟಿದ್ದೆ.

*

ಸಂಪತ್ತು ನಶ್ವರ ಎಂಬ ಉಪದೇಶ ನಮ್ಮ ಸೀಮೆಯ ರೈತನಿಗೆ ಹೊಸತಲ್ಲ. 'ಭೂಮಿಯ ಮೇಲೆ ಗಂಟು ಕಟ್ಟಬೇಡಿ' ಎಂಬರ್ಥದ ಯೇಸುವಿನ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಕೂಡಿಟ್ಟ ಬಟ್ಟೆಯನ್ನು ತಿನ್ನುವ ಹುಳುವಿಗೆ ಕನ್ನಡ ಸತ್ಯವೇದ ಬಳಸಿರುವ ಪದ 'ನುಸಿ'. ಈ ಪದವನ್ನು ಬೆಂಗಳೂರಿನಲ್ಲಿ ಓದುವವರಿಗೂ ನಮ್ಮೂರಿನಲ್ಲಿ ಓದುವವರಿಗೂ ಬಹಳ ವ್ಯತ್ಯಾಸವಿದೆ. 1990ರ ದಶಕದ ಕೊನೆಯಲ್ಲಿ ದಕ್ಷಿಣದ ತೆಂಗಿನ ತೋಟಗಳಿಗೆ ನುಗ್ಗಿದ ಪೀಡೆಯ ಹೆಸರೂ ನುಸಿಯೇ. ಕಣ್ಣಿಗೆ ಕಾಣದ ಆ ಜೀವಿ ಎಳೆಗಾಯಿಯ ತೊಟ್ಟಿನಡಿ ಕುಳಿತು ರಸ ಹೀರುತ್ತಿತ್ತು. ಕಾಯಿಯ ಮೈ ಕಂದು ಬಣ್ಣಕ್ಕೆ ತಿರುಗಿ ಬಿರಿಯುತ್ತಿತ್ತು, ಗಾತ್ರ ಕುಗ್ಗುತ್ತಿತ್ತು, ಸುಲಿಯಲು ಹೋದರೆ ಮಟ್ಟೆ ಬಿಡುತ್ತಿರಲಿಲ್ಲ. ಆ ವರ್ಷಗಳಲ್ಲಿ ನಮ್ಮ ಚಿಕ್ಕ ಸಭೆಯಲ್ಲಿ ಈ ವಾಕ್ಯ ಓದಿದಾಗ ಯಾರಿಗೂ ವ್ಯಾಖ್ಯಾನ ಬೇಕಾಗಿರಲಿಲ್ಲ. ಆಮೇಲೆ ಬರಗಾಲಗಳು ಬಂದವು. ಮಳೆ ಕೈಕೊಟ್ಟರೆ ತೆಂಗು ಅದರ ಪೆಟ್ಟನ್ನು ಮುಂದಿನ ಒಂದೆರಡು ವರ್ಷಗಳ ಫಸಲಿನಲ್ಲಿ ತೋರಿಸುತ್ತದೆ. ಕಪ್ಪು ತಲೆ ಹುಳು, ಕಾಂಡ ಸೋರುವ ರೋಗ, 2016ರಲ್ಲಿ ದೇಶಕ್ಕೆ ಕಾಲಿಟ್ಟ ಸುರುಳಿ ಬಿಳಿನೊಣ, ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ.

ಆದುದರಿಂದ ಆಸ್ತಿ ಶಾಶ್ವತವಲ್ಲ ಎಂದು ತೆಂಗು ಬೆಳೆಗಾರನಿಗೆ ಹೇಳುವುದು, ಮೀನಿಗೆ ನೀರಿನ ಪಾಠ ಹೇಳಿದಂತೆ. ಅಷ್ಟೇ ಅಲ್ಲ, ಅದು ಕೆಲವೊಮ್ಮೆ ಅನ್ಯಾಯದ ಉಪದೇಶವೂ ಆಗುತ್ತದೆ. ಬೆಲೆ ಎಂಟು ಸಾವಿರಕ್ಕೆ ಬಿದ್ದಾಗ ಧರಣಿ ಕುಳಿತ ರೈತನಿಗೆ 'ಲೌಕಿಕ ಸಂಪತ್ತಿನ ಚಿಂತೆ ಬಿಡು' ಎಂದು ಹೇಳುವ ಧರ್ಮ, ಧರ್ಮವೇ ಅಲ್ಲ. ಕೊಯ್ಲು ಮಾಡಿದ ಆಳುಗಳಿಗೆ ಕೊಡದೆ ಹಿಡಿದ ಕೂಲಿಯೇ ದೇವರಿಗೆ ಕೂಗಿಡುತ್ತದೆ ಎಂಬ ಮಾತು ಯಾಕೋಬನ ಪತ್ರಿಕೆಯಲ್ಲಿದೆ. ದುಡಿಮೆಗೆ ತಕ್ಕ ಬೆಲೆ ಕೇಳುವುದು ದುರಾಸೆಯಲ್ಲ; ಅದು ನ್ಯಾಯದ ಪ್ರಶ್ನೆ. ಬೆಳೆಗಾರನಿಗೆ ಬೆಂಬಲ ಬೆಲೆ ಸಿಗಬೇಕೆಂದು ಕೇಳುವ ಬಾಯಿಯೇ, ಬೆಲೆ ಏರಿದಾಗ ಮರ ಹತ್ತುವವನ, ಕಾಯಿ ಸುಲಿಯುವವನ ಪಾಲನ್ನೂ ಕೇಳಬೇಕು. ಮೊದಲನೆಯದಕ್ಕೆ ನಾವು ಬೀದಿಗಿಳಿದೆವು. ಎರಡನೆಯದಕ್ಕೆ ನಮ್ಮ ಧ್ವನಿ ಎಷ್ಟು ಎದ್ದಿತು?

ಹಾಗಾದರೆ ನಶ್ವರತೆಯ ಮಾತಿನಿಂದ ಪ್ರಯೋಜನವೇ ಇಲ್ಲವೆ? ಇದೆ ಎಂದು ನನಗೆ ತೋರುತ್ತದೆ. ಆದರೆ ಅದು ಕೈಖಾಲಿ ಇರುವವನಿಗೆ ಹೇಳಬೇಕಾದ ಮಾತಲ್ಲ. ಕೈತುಂಬಿದವನು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಭೂಮಿ ದೇವರದು, ಜನರು ಅದರಲ್ಲಿ ಪರವಾಸಿಗಳು ಎಂಬ ಆಶಯವಿದೆ. ಅದಕ್ಕಾಗಿಯೇ ಭೂಮಿಯನ್ನು ಶಾಶ್ವತವಾಗಿ ಮಾರುವಂತಿಲ್ಲ, ಐವತ್ತನೆಯ ವರ್ಷದಲ್ಲಿ ಅದು ಮೂಲದವರಿಗೆ ಮರಳಬೇಕು ಎಂಬ ವಿಧಿ. ಇದನ್ನು ಅಕ್ಷರಶಃ ಜಾರಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಪಹಣಿಯಲ್ಲಿ ನನ್ನ ಹೆಸರು ಬಂದ ಮಾತ್ರಕ್ಕೆ ಆ ಮಣ್ಣಿನ ಮೇಲಿನ ಉಳಿದೆಲ್ಲ ಋಣಗಳು ಅಳಿಸಿಹೋದವೆಂದು ತಿಳಿಯುವುದು ತಪ್ಪು ಎಂಬಷ್ಟನ್ನಾದರೂ ಅದರಿಂದ ಕಲಿಯಬಹುದು.

*

ಈ ವಿಚಾರದಲ್ಲಿ ನಮ್ಮ ಜಿಲ್ಲೆಗೂ ಹೊರಜಗತ್ತಿಗೂ ನಂಟು ಬೆಸೆದ ಒಂದು ಹಳೆಯ ಪ್ರಸಂಗ ನೆನಪಾಗುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನೆರೆಯ ತಾಲ್ಲೂಕು ಗುಬ್ಬಿ. ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿ ವೆಸ್ಲಿಯನ್ ಮಿಷನ್ 1830ರ ದಶಕದಲ್ಲಿ ನೆಲೆಯೂರಿತು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ಇಪ್ಪತ್ತರ ತರುಣ ಅಲ್ಲಿಗೆ ಬಂದ. ಕಣ್ಣಿನ ಬೇನೆಯಿಂದಾಗಿ ಹೆಚ್ಚು ಕಾಲ ಉಳಿಯಲಾಗದೆ 1841ರಲ್ಲಿ ಮರಳಿದ. ಮೈಸೂರು ಸೀಮೆಯ ಅನುಭವವನ್ನು ಆತ 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಮಿಷನರಿಗಳ ಬರಹಗಳಲ್ಲಿ ಇಲ್ಲಿನ ಧರ್ಮ, ಸಮಾಜಗಳ ಬಗ್ಗೆ ಇರುವ ಪೂರ್ವಗ್ರಹಗಳಿಂದ ಅದೂ ಹೊರತಲ್ಲ. ಆದರೆ 1855ರಲ್ಲಿ ಆತ ಪ್ರಕಟಿಸಿದ ಇನ್ನೊಂದು ಉಪನ್ಯಾಸ ನನ್ನ ಇಂದಿನ ವಿಷಯಕ್ಕೆ ಸಂಬಂಧಿಸಿದ್ದು. ವರಮಾನದ ಒಂದು ನಿಶ್ಚಿತ ಪಾಲನ್ನು ಕೊಟ್ಟುಬಿಡುವುದು ಕರ್ತವ್ಯ ಎಂಬುದು ಅದರ ಪ್ರತಿಪಾದನೆ.

'ನಿಶ್ಚಿತ' ಎಂಬುದೇ ಇಲ್ಲಿ ಮುಖ್ಯವಾದ ಪದ. ಮನಸ್ಸು ಕರಗಿದಾಗ ಕೊಡುವುದು, ಕೈಗೆ ಬಂದಷ್ಟು ಕೊಡುವುದು ಬೇರೆ; ಎಷ್ಟು ಕೊಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಬೇರೆ. ಕೊಡುವುದನ್ನು ಭಾವನೆಗೆ ಬಿಟ್ಟರೆ ಅದು ಪ್ರತಿ ಸಲವೂ ಸ್ವಾರ್ಥದೊಂದಿಗೆ ಹೊಸದಾಗಿ ವಾದಿಸಬೇಕಾಗುತ್ತದೆ, ಬಹುತೇಕ ಸೋಲುತ್ತದೆ. ಆರ್ಥರ್ ಹಿಂದಿದ್ದ ಜಾನ್ ವೆಸ್ಲಿ 1760ರಲ್ಲಿ ಪ್ರಕಟಿಸಿದ ಹಣದ ಬಳಕೆಯ ಕುರಿತ ಪ್ರಸಂಗವೂ ಪ್ರಸಿದ್ಧ. ದುಡಿಯುವುದು, ಉಳಿಸುವುದು, ಕೊಡುವುದು ಎಂಬ ಮೂರು ಮೆಟ್ಟಿಲುಗಳನ್ನು ಆತ ಹೇಳಿದ. ಮೊದಲೆರಡು ಮೆಟ್ಟಿಲು ಹತ್ತಿದವರು ಬಹಳ. ಮೂರನೆಯದನ್ನು ಮುಟ್ಟುವವರು ವಿರಳ ಎಂಬುದು ವೆಸ್ಲಿಯೇ ತನ್ನ ಮುಪ್ಪಿನಲ್ಲಿ ಪಟ್ಟ ವ್ಯಥೆ. ಅವನ ಅನುಯಾಯಿಗಳು ಶ್ರಮದಿಂದ, ಮಿತವ್ಯಯದಿಂದ ಶ್ರೀಮಂತರಾದರು. ಶ್ರೀಮಂತರಾದಷ್ಟೂ ಹಳೆಯ ಹುರುಪು ಕಳೆದುಕೊಂಡರು.

ಅಪ್ಪ ಆರ್ಥರನನ್ನು ಓದಿದ್ದರೆಂದು ನನಗೆ ತೋರುವುದಿಲ್ಲ. ಆದರೆ ಅವರು ಮಾಡಿದ್ದು ಅದನ್ನೇ. 'ಕೈಲಾದಾಗ ನೋಡಿಕೊಳ್ಳುತ್ತೇನೆ' ಎಂದು ಹೇಳಿ ಬರಲಿಲ್ಲ. ವರ್ಷಕ್ಕೆ ಇಷ್ಟು ರೂಪಾಯಿ ಎಂದೂ ಹೇಳಲಿಲ್ಲ. ಹತ್ತು ಮರ ಎಂದರು. ಬೆಲೆ ಬಿದ್ದರೆ ಇಬ್ಬರಿಗೂ ಬೀಳಲಿ, ಏರಿದರೆ ಇಬ್ಬರಿಗೂ ಏರಲಿ ಎಂಬ ಲೆಕ್ಕ ಅದರಲ್ಲಿತ್ತು.

ಇದು ಕ್ರೈಸ್ತರ ಸ್ವತ್ತೇನೂ ಅಲ್ಲ. ನಮ್ಮ ಸುತ್ತಲಿನ ಶರಣ ಪರಂಪರೆಯಲ್ಲಿ ಕಾಯಕದ ಜೊತೆಯಲ್ಲೇ ದಾಸೋಹವಿದೆ. ಕಾಯಕದಿಂದ ಬಂದದ್ದು ದಾಸೋಹದಲ್ಲಿ ಸಲ್ಲಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದುವುದನ್ನು ನೋಡಿ ಬೆಳೆದ ನಾವು, ದಾಸೋಹ ಎಂಬ ಪದವನ್ನು ನಿಘಂಟಿನಿಂದ ಕಲಿತವರಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ನಮ್ಮ ಊರಿನಿಂದ ಹೊರಟ ಜನರಲ್ಲಿ ಅಪ್ಪನೂ ಇದ್ದರು. 'ಅವರು ಏನು ಬಿಟ್ಟುಹೋದರು?' ಎಂದು ನಾನು ಕೇಳಿದ್ದಕ್ಕೆ, 'ಒಲೆ ಆರದಂತೆ ನೋಡಿಕೊಳ್ಳುವವರನ್ನು' ಎಂದಿದ್ದರು.

ನಮ್ಮ ಸಭೆಗಳಿಗೆ ಈ ಪ್ರಶ್ನೆ ಕೇಳಿಕೊಳ್ಳುವ ಧೈರ್ಯ ಬೇಕಿದೆ. ಸುಗ್ಗಿ ಹಬ್ಬದ ದಿನ ಕಾಣಿಕೆಯಾಗಿ ಬಂದ ತೆಂಗಿನಕಾಯಿಯನ್ನು ಹರಾಜಿನಲ್ಲಿ ಹತ್ತಾರು ಪಟ್ಟು ಬೆಲೆಗೆ ಕೂಗುವ ಕೈಗಳೇ, ಮನೆಯ ಕೂಲಿಯವರ ಮುಂದೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾನು ಕಂಡಿದ್ದೇನೆ. ಆ ಕೈಗಳಲ್ಲಿ ನನ್ನವೂ ಇದ್ದವು. ಗೋಡೆಯ ಮೇಲಿನ ಅಮೃತಶಿಲೆಯಲ್ಲಿ ದಾನಿಗಳ ಹೆಸರು ಉಳಿಯುತ್ತದೆ. ಕಟ್ಟಡಕ್ಕೆ ಕಲ್ಲು ಹೊತ್ತವರ ಹೆಸರು ಉಳಿಯುವುದಿಲ್ಲ. ಮಿಷನ್ ಕಾಲದಿಂದ ಬಂದ ನಿವೇಶನಗಳಿಗಾಗಿ ಕ್ರೈಸ್ತರು ಕ್ರೈಸ್ತರ ಮೇಲೆಯೇ ಹೂಡಿದ ದಾವೆಗಳು ನಾಡಿನ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದಿವೆ. ತಲೆಯಿಡಲು ಸ್ಥಳವಿಲ್ಲದೆ ಅಲೆದವನ ಹೆಸರಿನಲ್ಲಿ ನಾವು ಚದರಡಿಗೆ ಜಗಳವಾಡುತ್ತೇವೆ.

*

ನಮ್ಮ ಮನೆಯ ಮಾತು ಎಲ್ಲಿಗೆ ಬಂತು ಎಂದು ಹೇಳಬೇಕು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ, ಮಗಳು ಎಂಬ ಭೇದವಿಲ್ಲ, ಮೂವರಿಗೂ ಸಮಪಾಲು. ಆದ್ದರಿಂದ ತಂಗಿಯ ಮಾತಿಗೆ ನಮ್ಮಷ್ಟೇ ತೂಕವಿತ್ತು. ಅವಳು ಅಪ್ಪನ ಲೆಕ್ಕದ ಪುಸ್ತಕಗಳನ್ನು ತಂದು ಮುಂದಿಟ್ಟಳು. ಹನ್ನೆರಡು ವರ್ಷ, ಹನ್ನೆರಡು ಸಾಲು. ಬೆಲೆ ಬಿದ್ದ ವರ್ಷವೂ ಬರ ಬಂದ ವರ್ಷವೂ ಒಂದು ಸಾಲು ತಪ್ಪಿರಲಿಲ್ಲ. 'ಕಾಗದ ಕೇಳಿದೆಯಲ್ಲ ಅಣ್ಣ, ಇದು ಕಾಗದವಲ್ಲದೆ ಮತ್ತೇನು?' ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಅಣ್ಣನೂ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬರೆಸಿಬಿಡೋಣ' ಎಂದ.

ಪಾಲುಪತ್ರದಲ್ಲಿ ಆ ಹತ್ತು ಮರಗಳ ಫಸಲು ಆ ದಂಪತಿ ಬದುಕಿರುವವರೆಗೆ ಅವರಿಗೇ ಸಲ್ಲಬೇಕೆಂದು ಬರೆಸಿದೆವು. ಬಾವಿ ಬದಿಯ ಆ ತುಂಡು ಬಂದದ್ದು ನನ್ನ ಪಾಲಿಗೆ. ಇದನ್ನು ನನ್ನ ತ್ಯಾಗವೆಂದು ಓದುಗರು ತಿಳಿಯಬಾರದು. ಒಪ್ಪಿಕೊಂಡ ರಾತ್ರಿಯೂ ನಾನು ಹಾಸಿಗೆಯಲ್ಲಿ ಮಲಗಿ ಇಪ್ಪತ್ತೈದು ಸಾವಿರವನ್ನು ಹತ್ತು ವರ್ಷಗಳಿಂದ ಗುಣಿಸಿ ನೋಡಿದ್ದುಂಟು. ಆಸೆ ಒಂದು ಸಹಿಯಿಂದ ಸಾಯುವುದಿಲ್ಲ. ಸಹಿಯಿಂದ ಆಗುವುದು ಇಷ್ಟೇ: ಆಸೆ ಮತ್ತೆ ತಲೆಯೆತ್ತಿದಾಗ ಅದರ ಕೈ ಕಟ್ಟಿರುತ್ತದೆ. ನಿಶ್ಚಿತ ಪಾಲು ಬೇಕೆಂದು ಆರ್ಥರ್ ಏಕೆ ಹಟ ಹಿಡಿದನೆಂಬುದು ನನಗೆ ಅರ್ಥವಾದದ್ದು ಆ ರಾತ್ರಿ.

ನಮ್ಮ ಸೀಮೆಯ ತೋಟದ ಒಡೆಯರಲ್ಲಿ, ಅವರು ಯಾವ ದೇವರನ್ನು ಪೂಜಿಸುವವರಾದರೂ ಸರಿ, ಒಂದೆರಡು ವಿನಂತಿ. ಬೆಲೆ ಚೆನ್ನಾಗಿರುವ ವರ್ಷವೇ ಕೊಡುವ ಪಾಲನ್ನು ಗೊತ್ತುಮಾಡಿ, ಹಣದಲ್ಲಲ್ಲ, ಮರದ ಲೆಕ್ಕದಲ್ಲಿ ಗೊತ್ತುಮಾಡಿ. ಕಾಯಿ ಅಟ್ಟ ಏರುವಾಗಲೇ ಅದನ್ನು ಬೇರೆ ರಾಶಿ ಹಾಕಿಸಿ. ಹಣವಾಗಿ ಕೈಗೆ ಬಂದ ಮೇಲೆ ಬೇರೆ ಮಾಡುವುದು ಕಷ್ಟ. ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ಅಪಘಾತ ವಿಮಾ ಯೋಜನೆ ಇದೆ. ನಿಮ್ಮ ತೋಟದ ಮರ ಹತ್ತುವವರು ಅದರಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. ಇಲ್ಲವಾದರೆ ಅವರ ಕಂತನ್ನು ನೀವೇ ಕಟ್ಟಿ. ನಮ್ಮ ಅಣ್ಣ ಬಿದ್ದಾಗ ಅಂಥದ್ದೊಂದು ನಮ್ಮ ಅರಿವಿನಲ್ಲೇ ಇರಲಿಲ್ಲ. ಮಾತು ಕೊಟ್ಟಿದ್ದರೆ ಬರೆದಿಡಿ. ನಿಮ್ಮ ಮಕ್ಕಳು ಒಳ್ಳೆಯವರೇ ಇರಬಹುದು. ಬೆಲೆ ಏರಿದಾಗ ಒಳ್ಳೆಯ ಮಕ್ಕಳಿಗೂ ಆಸರೆ ಬೇಕಾಗುತ್ತದೆ.

ಉಳಿಯುವುದೇನು ಎಂಬ ಪ್ರಶ್ನೆಗೆ ನನ್ನ ಧರ್ಮ ಸ್ವರ್ಗದ ಗಂಟು ಎಂದು ಉತ್ತರಿಸುತ್ತದೆ. ಬಹಳ ಕಾಲ ನಾನು ಅದನ್ನು ಸತ್ತ ಮೇಲೆ ಸಿಗುವ ಠೇವಣಿಯೆಂದೇ ತಿಳಿದಿದ್ದೆ. ಈಗ ಹಾಗೆ ತಿಳಿಯಲು ಮನಸ್ಸು ಒಪ್ಪುತ್ತಿಲ್ಲ. ಅಪ್ಪ ಕೂಡಿಟ್ಟ ಕೊಬ್ಬರಿ ಮಾರಿಹೋಯಿತು, ಹಣ ಮೂರು ಪಾಲಾಯಿತು, ನನ್ನ ಪಾಲಿನದು ಹೇಗೆ ಖರ್ಚಾಯಿತೆಂದು ಈಗಲೇ ಸರಿಯಾಗಿ ನೆನಪಿಲ್ಲ. ಅವರು ಕೊಟ್ಟ ಮಾತು ಮಾತ್ರ ಹಾಗೆಯೇ ಇದೆ. ಅದನ್ನು ನುಸಿ ತಿನ್ನಲಿಲ್ಲ, ನಾನು ತಿನ್ನಲು ಹೋಗಿ ಸೋತೆ.

ಕಳೆದ ಮಳೆಗಾಲದಲ್ಲಿ ಆ ಹತ್ತು ಮರಗಳಲ್ಲಿ ಒಂದು ಸಿಡಿಲಿಗೆ ಸುಟ್ಟುಹೋಯಿತು. ಅದರ ಜಾಗದಲ್ಲಿ ತಿಪಟೂರು ಟಾಲ್ ತಳಿಯ ಸಸಿ ನೆಟ್ಟಿದ್ದೇನೆ. ಫಸಲಿಗೆ ಬರಲು ಆರೇಳು ವರ್ಷವಾದರೂ ಬೇಕು. ಅಲ್ಲಿಯವರೆಗೆ ಲೆಕ್ಕಕ್ಕೆ ಕೊರತೆಯಾಗದಂತೆ ಪಕ್ಕದ ಸಾಲಿನ ಒಂದು ಮರವನ್ನು ಸೇರಿಸಿ, ಅಪ್ಪನ ಪುಸ್ತಕದಲ್ಲೇ ಬರೆದಿದ್ದೇನೆ: ಬಾವಿ ಬದಿ ಒಂಬತ್ತು, ಪಕ್ಕದ ಸಾಲಿನದು ಒಂದು, ಅವರಿಗೆ ಸಂದಿದೆ.